ಇನ್‌ಫ್ರಾರೆಡ್ ಕಿಟಕಿ ಇದೆ, ಕೆಲಸ ಮಾಡ್ತಿಲ್ಲ

ಪ್ರಶ್ನೆ: ಅಪ್ಪನ ನೋಕಿಯಾ 6610 ಫೋನಿನಲ್ಲಿ ಸೀರೆ ವ್ಯಾಪಾರದ ಹಳೇ ಗಿರಾಕಿಗಳ ನಂಬರೆಲ್ಲ ಇವೆ. ಅದರಲ್ಲಿ ಬ್ಲೂಟೂತ್ ಇಲ್ಲ, ಕೇಬಲ್ ಎಲ್ಲೂ ಸಿಗುತ್ತಿಲ್ಲ. ಮನೆಯಲ್ಲಿರುವ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪಿನ ಅಂಚಿಗೆ ಇನ್‌ಫ್ರಾರೆಡ್‌ನ (ಕಣ್ಣಿಗೆ ಕಾಣದ ಬೆಳಕಿನಲ್ಲಿ ಮಾಹಿತಿ ಕಳಿಸುವ) ಕಪ್ಪು ಕಿಟಕಿ ಇದೆ, ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ವೈರ್‌ಲೆಸ್ ಲಿಂಕ್' ಕಾಣುತ್ತಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಂಡೋಸ್ ಹೊಸದಾಗಿ ಹಾಕಿಸಿ ಅಂದರು. ಹಾಕಿಸಲಾ?
– ಓದುಗರು, ಬೆಟಗೇರಿ

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಇನ್‌ಫ್ರಾರೆಡ್ ಯಂತ್ರ ಕಣ್ಣಿಗೆ ಬಿದ್ದರೆ ಮಾತ್ರ ಎಕ್ಸ್‌ಪಿ ಆ ಐಕಾನ್ ತೋರಿಸುತ್ತದೆ, ಮತ್ತು ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಯಾಸ್‌ನಲ್ಲೇ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪುಟ) ಆಫ್ ಆಗಿರುವುದು ಜಾಸ್ತಿ. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಒತ್ತಿ ಒಳಗೆ ಹೋಗಿ. ಇನ್‌ಫ್ರಾರೆಡ್ ಅಂತಲೋ ಸೀರಿಯಲ್ ಪೋರ್ಟ್ 2 ಅಂತಲೋ ಇರುತ್ತದೆ, ಅದನ್ನು 'ಎನೇಬಲ್ಡ್' ಮಾಡಿ, ಮೋಡ್ ಕೇಳಿದರೆ 'ಐಆರ್‌ಡಿಎ' (ಇನ್‌ಫ್ರಾರೆಡ್‌ನಲ್ಲಿ ಮಾಹಿತಿ ಸಾಗಿಸುವ ಪದ್ಧತಿ) ಆರಿಸಿ. ಆಮೇಲೆ ಡಿವೈಸ್ ಮ್ಯಾನೇಜರ್ ನೋಡಿ, ಹಳದಿ ಗುರುತು ಇದ್ದರೆ ಆಗ ಡ್ರೈವರ್ ಹುಡುಕಿ. ಅಲ್ಲೇ ಗರಿಷ್ಠ ವೇಗವನ್ನು ಸೆಕೆಂಡಿಗೆ 1,15,200 ಬಿಟ್‌ಗೆ ಇಳಿಸಿಬಿಡಿ. ವೇಗದ ಮಾದರಿ ಸೆಕೆಂಡಿಗೆ 40 ಲಕ್ಷ ಬಿಟ್ ಸಾಗಿಸುತ್ತದೆ ನಿಜ, ಆದರೆ ಹೆಸರು-ನಂಬರಿಗೆ ಅಷ್ಟು ಯಾಕೆ ಬೇಕು ಹೇಳಿ?

ಫೋನನ್ನು ಒಂದು ಗೇಣಿನೊಳಗೆ, ಕಿಟಕಿಗೆ ಕಿಟಕಿ ಎದುರಾಗಿ ಇಡಿ. ಇದರ ದೂರದ ಮಿತಿಯೇ ಸುಮಾರು ಒಂದು ಮೀಟರ್, ಅದೂ ನೇರಕ್ಕೆ. ಇನ್ನೊಂದು ಮಾತು, ನಮ್ಮ ಗದಗಿನ ಬಿಸಿಲಿನಲ್ಲಿ ಪಡಸಾಲೆಗೆ ಕೂತು ಮಾಡಬೇಡಿ, ಬಿಸಿಲಿನಲ್ಲೂ ಇನ್‌ಫ್ರಾರೆಡ್ ತುಂಬಿರುತ್ತದೆ, ಫೋನಿನ ಸಣ್ಣ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಒಳಕೋಣೆ ವಾಸಿ. ಫೋನಿನಲ್ಲಿ ಇನ್‌ಫ್ರಾರೆಡ್ ಆನ್ ಮಾಡಿ ತಡಮಾಡಬೇಡಿ, ಎರಡು ನಿಮಿಷದೊಳಗೆ ಕೆಲಸ ಶುರುವಾಗದಿದ್ದರೆ ಅದು ತಾನೇ ಆಫ್ ಆಗುತ್ತದೆ. ಟಿವಿ ರಿಮೋಟ್ ಒತ್ತಿ ಪರೀಕ್ಷೆ ಮಾಡುವವರಿದ್ದಾರೆ, ಅದರ ಭಾಷೆಯೇ ಬೇರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹೊಸ ಲಿನಕ್ಸ್ ಹಾಕಿ ನೋಡೋಣ ಅಂತಲೂ ಹೋಗಬೇಡಿ, 2018ರಲ್ಲಿ ಬಂದ ಅದರ ಕರ್ನೆಲ್ (ತಿರುಳು) 4.17ರಲ್ಲೇ ಐಆರ್‌ಡಿಎ ತೆಗೆದುಹಾಕಿದ್ದಾರೆ.

ಬಿಸಿನೆಸ್ ಕಾರ್ಡ್ ಆಗಿ ಕಳಿಸಿದರೆ ಒಂದೊಂದೇ ಹೆಸರು ಹೋಗುತ್ತದೆ, ಲ್ಯಾಪ್‌ಟಾಪಿನಲ್ಲಿ ನೋಕಿಯಾ ಪಿಸಿ ಸೂಟ್ ಸಾಫ್ಟ್‌ವೇರ್ ಇದ್ದರೆ ಎಲ್ಲ ಒಟ್ಟಿಗೆ ಬರುತ್ತವೆ. ಆದರೆ ಇದೆಲ್ಲಕ್ಕೂ ಮೊದಲು, ಬ್ಯಾಟರಿ ಕೈಕೊಡುವ ಮುಂಚೆ, ನಂಬರುಗಳನ್ನು ಸಿಮ್‌ಗೆ ಕಾಪಿ ಮಾಡಿಡಿ. ಸಿಮ್‌ನಲ್ಲಿ ಒಂದು ಹೆಸರಿಗೆ ಒಂದೇ ನಂಬರು ಕೂರುತ್ತದೆ, ಎರಡೆರಡು ನಂಬರಿರುವ ಗಿರಾಕಿಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ.