ನಿನ್ನೆ ಗರ್ಭಕೋಶ ತೆಗೆಸುವ ಆಪರೇಷನ್ ಆದ ಹೆಣ್ಣು ಮೊಲ ಮೂಲೆಯಲ್ಲಿ ಸುಮ್ಮನೆ ಕೂತಿದೆ, ಏನೂ ತಿನ್ನುತ್ತಿಲ್ಲ. ಎಷ್ಟು ದಿನ ವಿಶ್ರಾಂತಿ ಕೊಡಬೇಕು? ಹೊಲಿಗೆ ಕಚ್ಚದ ಹಾಗೆ ಕುತ್ತಿಗೆಗೆ ಕಾಲರ್ ಹಾಕಬೇಕಾ?

ವಿಶ್ರಾಂತಿಯ ಮಾತು ಆಮೇಲೆ. ಮೊದಲು ಎದ್ದು ಹೋಗಿ ಬೋನಿನಲ್ಲಿ ಹಿಕ್ಕೆ ಬಿದ್ದಿದೆಯಾ ನೋಡಿ. ನಿನ್ನೆ ಮನೆಗೆ ತಂದಾಗಿನಿಂದ ಒಂದು ಹಿಕ್ಕೆಯೂ ಇಲ್ಲ, ಒಂದು ಎಳೆ ಹುಲ್ಲೂ ಬಾಯಿಗೆ ಹೋಗಿಲ್ಲ ಅಂತಾದರೆ ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಉಳಿದದ್ದನ್ನು ಆಟೋದಲ್ಲಿ ಕೂತು ಓದಿಕೊಳ್ಳಿ.

ನೀವು ಬರೆದಿರುವುದೆಲ್ಲ ನಮ್ಮ ಮನೆಯಲ್ಲಿ ಆಗಿಹೋಗಿದೆ. ಗರ್ಭಕೋಶ ತೆಗೆಸಿದ ಹೆಣ್ಣು ಮೊಲ, ಮೂಲೆ ಹಿಡಿದು ಕೂತಿದೆ, ಡಾಕ್ಟರು "ಚೆನ್ನಾಗಿ ಆಯ್ತು, ಕರ್ಕೊಂಡು ಹೋಗಿ" ಅಂದಿದ್ದಾರೆ, ಮನೆಯವರು "ಮಲಗಲಿ ಬಿಡು" ಅನ್ನುತ್ತಿದ್ದಾರೆ. ನಮ್ಮದರ ಹೆಸರು ಬೆಣ್ಣೆ. ಆಗ ನಾವು ದಾವಣಗೆರೆಯಲ್ಲಿದ್ದೆವು. ಆಪರೇಷನ್ ಮಾಡಿಸಿದ್ದು ಊರಲ್ಲೇ, ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ.

ಹಿಂದಿನ ರಾತ್ರಿ ಒಂಬತ್ತರ ನಂತರ ಏನೂ ಕೊಡಬೇಡಿ ಅಂತ ಅಲ್ಲಿ ಹೇಳಿದ್ದರು. ಹಾಗೇ ಮಾಡಿದೆವು. ಮರುದಿನ ಮಧ್ಯಾಹ್ನ ಆಪರೇಷನ್, ಸಂಜೆಗೆ ಮನೆ. ಬೆಣ್ಣೆ ಬೋನಿನ ಹಿಂದಿನ ಮೂಲೆಗೆ ಹೋಗಿ, ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಳು. ಅರಿವಳಿಕೆಯ ಮಂಪರು ಇನ್ನೂ ಇಳಿದಿಲ್ಲ ಅಂದುಕೊಂಡೆ. ಕೊತ್ತಂಬರಿ ಸೊಪ್ಪಿಟ್ಟೆ, ಮೂಸಲಿಲ್ಲ. ನಮ್ಮತ್ತೆ, "ನಂಗೆ ಆಪರೇಷನ್ ಆದಾಗ ಎರಡು ದಿನ ಗಂಜಿನೂ ಸೇರ್ತಿರಲಿಲ್ಲ ಕಣಮ್ಮ, ಅದಕ್ಕೂ ಹಾಗೇ ಇರತ್ತೆ, ಮುಟ್ಟಬೇಡ" ಅಂದರು. ಪ್ರೀತಿಯಿಂದಲೇ ಹೇಳಿದ ಮಾತು. ನನಗೂ ಸರಿ ಅನ್ನಿಸಿತು. ಬೋನಿನ ಮೇಲೆ ಹಳೇ ಪಂಚೆ ಹೊದಿಸಿ ಕತ್ತಲೆ ಮಾಡಿ ಮಲಗಿದೆ.

ಬೆಳಿಗ್ಗೆ ಪಂಚೆ ಸರಿಸಿದಾಗ ಕೆಳಗೆ ಹಾಸಿದ್ದ ಪೇಪರು ರಾತ್ರಿ ಹಾಸಿದ ಹಾಗೇ ಇತ್ತು. ಅಕ್ಷರಗಳೆಲ್ಲ ಓದುವಷ್ಟು ಚೊಕ್ಕಟ. ದಿನಾ ಬೆಳಿಗ್ಗೆ ಬಾಚಿ ತೆಗೆಯುವಷ್ಟು ಹಿಕ್ಕೆ ಇರುತ್ತಿದ್ದ ಜಾಗ ಅದು. ಹೊಟ್ಟೆಯಲ್ಲಿ ಏನೂ ಇಲ್ಲವಲ್ಲ, ಅದಕ್ಕೇ ಹಾಕಿಲ್ಲ ಅಂತ ನನಗೆ ನಾನೇ ಕಾರಣ ಕೊಟ್ಟುಕೊಂಡು ಕೆಲಸಕ್ಕೆ ಹೊರಟೆ. ಸಂಜೆ ಬಂದು ಕಿವಿ ಮುಟ್ಟಿದರೆ ತಣ್ಣಗಿತ್ತು. ಹಲ್ಲು ಕಡಿಯುವ ಸದ್ದು ಪಕ್ಕದಲ್ಲಿ ಕೂತರೆ ಕೇಳುತ್ತಿತ್ತು. ಆ ರಾತ್ರಿ ಇನ್ನೊಬ್ಬ ಡಾಕ್ಟರ ಟೇಬಲ್ ಮೇಲೆ ಬೆಣ್ಣೆ ಹೋದಳು.

ಅವತ್ತು ಆದದ್ದೇನು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೀಗ ನಿಂತಿರುವುದು ಅದೇ ಜಾಗದಲ್ಲಿ.

ಮನುಷ್ಯರಿಗೆ ಒಂದು ದಿನ ಊಟ ತಪ್ಪಿದರೆ ಸುಸ್ತಾಗುತ್ತದೆ, ಅಷ್ಟೆ. ಮೊಲದ ಕರುಳು ಹಗಲು ರಾತ್ರಿ ಚಲಿಸುತ್ತಲೇ ಇರಬೇಕು. ಆ ಚಲನೆಯನ್ನು ನಡೆಸುವುದು ನಾರು, ಅಂದರೆ ಹುಲ್ಲು. ದೊಡ್ಡ ಕರುಳಿಗೆ ಅಂಟಿಕೊಂಡು ಸೀಕಮ್ ಅಂತ ಒಂದು ದೊಡ್ಡ ಚೀಲ ಇರುತ್ತದೆ, ಅದರಲ್ಲಿ ಹುಲ್ಲನ್ನು ಹುದುಗಿಸುವ ಬ್ಯಾಕ್ಟೀರಿಯಾಗಳ ವಾಸ. ಹುಲ್ಲು ಬರುವುದು ನಿಂತಿತೋ, ಕರುಳಿನ ಚಲನೆ ನಿಧಾನವಾಗುತ್ತದೆ, ಒಳಗಿರುವುದು ಒಣಗುತ್ತದೆ, ಬೇಡದ ಬ್ಯಾಕ್ಟೀರಿಯಾ ಹೆಚ್ಚಿ ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ನೋವು. ನೋವಿರುವ ಮೊಲ ತಿನ್ನುವುದಿಲ್ಲ, ತಿನ್ನದಿದ್ದರೆ ನೋವು ಇನ್ನೂ ಜಾಸ್ತಿ. ಈ ಸುಳಿಗೆ ಡಾಕ್ಟರುಗಳು ಜಿ.ಐ. ಸ್ಟೇಸಿಸ್ ಅನ್ನುತ್ತಾರೆ. ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇರುವ ಮೊಲ ತುರ್ತು ಚಿಕಿತ್ಸೆಯ ಮೊಲ.

ಈಗ ಬೆಣ್ಣೆಯ ಲೆಕ್ಕ ಹಾಕಿ. ರಾತ್ರಿ ಒಂಬತ್ತಕ್ಕೆ ಊಟ ನಿಂತಿತು. ಆಪರೇಷನ್ ಮುಗಿಸಿ ಮನೆಗೆ ಬರುವ ಹೊತ್ತಿಗೇ ಇಪ್ಪತ್ತು ಗಂಟೆ ಆಗಿತ್ತು. ಅದರ ಮೇಲೆ ನಾನು ಇಡೀ ರಾತ್ರಿ "ವಿಶ್ರಾಂತಿ" ಕೊಟ್ಟೆ, ಅದರ ಮೇಲೆ ಒಂದು ಹಗಲು. ನಾಯಿ ಬೆಕ್ಕುಗಳಿಗೆ ಅರಿವಳಿಕೆಯಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಾರದು ಅಂತ ಉಪವಾಸ ಇಡುತ್ತಾರೆ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ, ಅದರ ದೇಹ ಇರುವುದೇ ಹಾಗೆ. ಬಾಯಲ್ಲಿ ಆಹಾರ ಉಳಿದಿರಬಾರದು ಅಂತ ಒಂದೆರಡು ಗಂಟೆ ಮುಂಚೆ ತಟ್ಟೆ ತೆಗೆದರೆ ಸಾಕು. ಈ ಮಾತು ನನಗೆ ಗೊತ್ತಿರಲಿಲ್ಲ, ಹೇಳಿದವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮನೆಗೆ ಕೊಡಲು ನೋವಿನ ಔಷಧವನ್ನೂ ಕೊಟ್ಟಿರಲಿಲ್ಲ.

ಸುಮ್ಮನೆ ಕೂತಿದೆ ಅನ್ನುತ್ತೀರಲ್ಲ, ಆ ಸುಮ್ಮನಿರುವಿಕೆಯನ್ನು ನಂಬಬೇಡಿ. ಮೊಲ ಬೇಟೆಗೆ ಬಲಿಯಾಗುವ ಪ್ರಾಣಿ, ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ಹುಟ್ಟುಗುಣ. ಕೂಗುವುದಿಲ್ಲ, ಕುಂಟಿ ತೋರಿಸುವುದಿಲ್ಲ, ಮೂಲೆ ಹಿಡಿಯುತ್ತದೆ. 2012ರಲ್ಲಿ ಸಂಶೋಧಕರು ಮೊಲದ ಮುಖ ನೋಡಿ ನೋವು ಅಳೆಯುವ ಒಂದು ಮಾಪಕವನ್ನೇ ಪ್ರಕಟಿಸಿದರು. ಕಣ್ಣು ಎಷ್ಟು ಕಿರಿದಾಗಿದೆ, ಕೆನ್ನೆ ಚಪ್ಪಟೆಯಾಗಿದೆಯಾ, ಮೂಗಿನ ಆಕಾರ ಚೂಪಾಗಿದೆಯಾ, ಮೀಸೆ ಬಿಗಿದಿದೆಯಾ, ಕಿವಿ ಹಿಂದಕ್ಕೆ ಮಡಚಿದೆಯಾ, ಈ ಐದನ್ನು ನೋಡುತ್ತಾರೆ. ನೀವೂ ಹತ್ತಿರ ಕೂತು ನೋಡಿ. ತಲೆ ಸವರಿದಾಗ ಮೆಲ್ಲಗೆ ಹಲ್ಲು ಕಟಕಟಿಸಿದರೆ ಹಿತವಾಗಿದೆ ಅಂತ ಅರ್ಥ. ಯಾರೂ ಮುಟ್ಟದೆ, ಗೂನು ಕೂತು, ಜೋರಾಗಿ ಕಡಿಯುತ್ತಿದ್ದರೆ ನೋವು.

ಅದಕ್ಕೇ ನಾನು ನೋವಿನ ಔಷಧದ ವಿಷಯದಲ್ಲಿ ಹಟಮಾರಿ. ಹೊಟ್ಟೆ ಕೊಯ್ದ ಪ್ರಾಣಿಯನ್ನು ನೋವಿನ ಔಷಧ ಇಲ್ಲದೆ ಮನೆಗೆ ಕಳಿಸಬಾರದು. ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ದ್ರವ ಕೊಡುತ್ತಾರೆ. ಮೊಲದ ದೇಹ ಅದನ್ನು ಬೇಗ ಹೊರಹಾಕುವುದರಿಂದ ನಾಯಿಯ ಲೆಕ್ಕದ ಡೋಸು ಸಾಲುವುದಿಲ್ಲ. ಹಾಗಾಗಿ ತೂಕ ನೋಡಿ ಡೋಸು ಹೇಳಬೇಕಾದವರು ಮೊಲ ಗೊತ್ತಿರುವ ಡಾಕ್ಟರು, ನಾನೂ ಅಲ್ಲ, ಮೆಡಿಕಲ್ ಶಾಪಿನವರೂ ಅಲ್ಲ. ಮೆಡಿಕಲ್ ಶಾಪ್ ಅಂದಾಗ ನೆನಪಾಯಿತು: ಮನೆಯಲ್ಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಇದ್ದರೆ, ಗಾಯ ಕೀವಾಗಬಾರದು ಅಂತ ಅದನ್ನು ಬಾಯಿಗೆ ಹಾಕಲೇಬೇಡಿ. ಪೆನಿಸಿಲಿನ್ ಜಾತಿಯ ಔಷಧಗಳು, ಕ್ಲಿಂಡಾಮೈಸಿನ್, ಇವು ಬಾಯಿಯ ಮೂಲಕ ಹೋದರೆ ಸೀಕಮ್ಮಿನ ಒಳ್ಳೇ ಬ್ಯಾಕ್ಟೀರಿಯಾಗಳನ್ನು ಕೊಂದು ಮೊಲದ ಪ್ರಾಣವನ್ನೇ ತೆಗೆಯುತ್ತವೆ.

ಬೆಣ್ಣೆ ಹೋದ ಮೇಲೆ ಮೊಲ ಸಾಕುವುದೇ ಬೇಡ ಅಂತಿದ್ದೆವು. ಆಮೇಲೆ ಪರಿಚಯದವರೊಬ್ಬರು ಊರು ಬಿಡುವಾಗ ತಮ್ಮ ಮೊಲವನ್ನು ನಮ್ಮಲ್ಲಿ ಬಿಟ್ಟರು. ಅದೂ ಹೆಣ್ಣೇ, ಹೆಸರು ಚಿನ್ನು. ಮತ್ತೆ ಆಪರೇಷನ್ ಯಾಕೆ ಅಂತ ಮನೆಯಲ್ಲಿ ದೊಡ್ಡ ವಾದವೇ ಆಯಿತು. ನಾನು ಬಿಡಲಿಲ್ಲ. ಆಪರೇಷನ್ ಮಾಡಿಸದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ತುಂಬಾ ಹೆಚ್ಚು, ಕೆಲವು ತಳಿಗಳಲ್ಲಿ ನಾಲ್ಕು ವರ್ಷ ದಾಟಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಕಂಡಿದ್ದಾರೆ. ನೀವು ಮಾಡಿಸಿದ್ದು ಸರಿಯಾದ ಕೆಲಸವೇ, ಆ ಬಗ್ಗೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಸಲ ಬೆಂಗಳೂರಿಗೆ ಹೋದೆವು. ಫೋನಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ, "ಹಿಂದಿನ ರಾತ್ರಿ ಉಪವಾಸ ಇಡಬೇಕಾ ಡಾಕ್ಟ್ರೇ?" "ಬೇಡಮ್ಮ, ಬರುವಾಗ ಅದು ಇಷ್ಟಪಟ್ಟು ತಿನ್ನುವ ಸೊಪ್ಪನ್ನೂ ಹುಲ್ಲನ್ನೂ ಕಟ್ಟಿಕೊಂಡು ಬನ್ನಿ, ಎಚ್ಚರ ಆದ ತಕ್ಷಣ ಇಡಬೇಕು" ಅಂದರು. ಇವರಿಗೆ ಮೊಲ ಗೊತ್ತಿದೆ ಅಂತ ಅಲ್ಲೇ ತಿಳಿಯಿತು. ಯಾರೇ ಮೊಲಕ್ಕೆ ಆಪರೇಷನ್ ಮಾಡಿಸುವುದಿದ್ದರೂ ಈ ಒಂದು ಪ್ರಶ್ನೆ ಕೇಳಿ ಡಾಕ್ಟರನ್ನು ಆರಿಸಿಕೊಳ್ಳಿ.

ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆವು. ಚಿನ್ನುವೂ ಮೊದಲ ಸಂಜೆ ತಿನ್ನಲಿಲ್ಲ. ಈ ಸಲ ಕಾಯಲಿಲ್ಲ. ಅವಳು ದಿನಾ ತಿನ್ನುವ ಒಣ ಗುಳಿಗೆಯಂಥ ಆಹಾರವನ್ನೇ (ಪೆಲೆಟ್) ಮಿಕ್ಸಿಯಲ್ಲಿ ಪುಡಿ ಮಾಡಿ, ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು (ಇಲ್ಲದಿದ್ದರೆ ಸಿರಿಂಜಿನ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ), ಉಗುರುಬೆಚ್ಚಗಿನ ನೀರಲ್ಲಿ ತೆಳು ರಾಗಿ ಅಂಬಲಿಯ ಹದಕ್ಕೆ ಕಲಸಿದೆ. ಇದಕ್ಕೆಂದೇ ತಯಾರಾದ ಪುಡಿಯೂ ಸಿಗುತ್ತದೆ, ಸಿಕ್ಕಿದರೆ ಅದೇ ಒಳ್ಳೆಯದು. ನೆಲದ ಮೇಲೆ ಕೂತು, ಚಿನ್ನುವನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿಗೆಗೆ ಒತ್ತಡ ಬೀಳದ ಹಾಗೆ ಎರಡು ತೊಡೆಗಳ ಮಧ್ಯೆ ಇಟ್ಟುಕೊಂಡೆ. ಮುಂದಿನ ಹಲ್ಲುಗಳ ಹಿಂದೆ, ಪಕ್ಕದಲ್ಲಿ, ಹಲ್ಲಿಲ್ಲದ ಒಂದು ಸಂದು ಇರುತ್ತದೆ. ಸೂಜಿ ತೆಗೆದ ಸಿರಿಂಜಿನ ತುದಿಯನ್ನು ಅಲ್ಲಿ ಇಟ್ಟು ಅರ್ಧ, ಒಂದು ಎಂ.ಎಲ್. ಅಷ್ಟೇ ಬಿಡಬೇಕು. ಜಗಿದು ನುಂಗುವವರೆಗೆ ಕಾದು ಮತ್ತೆ ಅಷ್ಟು. ತಲೆ ಮೇಲಕ್ಕೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಮೊದಲು ತಲೆ ಆ ಕಡೆ ತಿರುಗಿಸಿ ಅರ್ಧ ನನ್ನ ಚೂಡಿದಾರಕ್ಕೇ ಬಳಿದಳು. ಆಮೇಲೆ ದವಡೆ ಆಡತೊಡಗಿತು. ಒಟ್ಟು ಎಷ್ಟು, ಎಷ್ಟು ಹೊತ್ತಿಗೊಮ್ಮೆ ಅನ್ನುವುದನ್ನು ಡಾಕ್ಟರು ತೂಕದ ಮೇಲೆ ಹೇಳಿದ್ದರು, ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಕೊಟ್ಟೆ.

ಒಂದು ಎಚ್ಚರಿಕೆ. ಹೊಟ್ಟೆ ಮುಟ್ಟಿದರೆ ಬಿಗಿದು ಗಟ್ಟಿಯಾಗಿದ್ದರೆ, ಮೈ ತಣ್ಣಗಾಗಿ ಜೋತುಬಿದ್ದಿದ್ದರೆ ನೀವಾಗಿ ಸಿರಿಂಜಿನಲ್ಲಿ ಏನೂ ಹಾಕಬೇಡಿ. ಕರುಳು ಕಟ್ಟಿಕೊಂಡಿದ್ದರೆ ಅದರಿಂದ ಅಪಾಯ ಹೆಚ್ಚು. ಮೊಲದ ಮೈ ಶಾಖ ಸುಮಾರು 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನೂರಕ್ಕಿಂತ ಕೆಳಗಿಳಿದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದೇ ಪಕ್ಕಕ್ಕಿಟ್ಟು, ಬೇಡವಾದರೆ ಅದು ಸರಿದು ಕೂರುವಷ್ಟು ಜಾಗ ಬಿಟ್ಟು, ನೇರ ಆಸ್ಪತ್ರೆಗೆ ಹೊರಡಿ.

ಬೆಳಗಿನ ಜಾವ ಚಿನ್ನು ಹಾಕಿದ ಹಿಕ್ಕೆ ಸಾಸಿವೆಗಿಂತ ಚೂರು ದಪ್ಪ, ಕಪ್ಪು, ಒಣಕಲು. ಅಷ್ಟಾದರೂ ಬಂತಲ್ಲ ಅಂತ ಚಿಕ್ಕಮ್ಮನನ್ನು ಎಬ್ಬಿಸಿ ತೋರಿಸಿದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಪೂಜೆಗೆ ಮಾರುವ ಗರಿಕೆ ಕಟ್ಟು ತಂದು, ತೊಳೆದು, ನೀರು ಆರಿಸಿ ಇಟ್ಟೆವು. ಪೆಲೆಟ್ ಮುಟ್ಟದವಳು ಗರಿಕೆಯ ಒಂದು ಎಳೆಯನ್ನು ತುದಿಯಿಂದ ಎಳೆದುಕೊಂಡು ತಿಂದಳು. ಪುದೀನ, ಸಬ್ಬಸಿಗೆಯಂಥ ವಾಸನೆಯ ಸೊಪ್ಪೂ ನಾಲಿಗೆ ಎಬ್ಬಿಸುತ್ತದೆ. ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು ತೋರಿಸಿ ತಿನ್ನಿಸಬೇಡಿ, ಪಿಷ್ಟ ಮತ್ತು ಸಕ್ಕರೆ ಸಿಕ್ಕಿದರೆ ಬೇಡದ ಬ್ಯಾಕ್ಟೀರಿಯಾಗಳಿಗೆ ಹಬ್ಬ. ನೀರನ್ನು ಬಾಟಲಿಗಿಂತ ಬಟ್ಟಲಲ್ಲಿಟ್ಟರೆ ಹೆಚ್ಚು ಕುಡಿಯುತ್ತವೆ.

ಇನ್ನು ಕಾಲರ್. ನನ್ನ ಅಭಿಪ್ರಾಯ ಕೇಳಿದರೆ, ತೆಗೆದಿಡಿ. ಮೊಲ ಎರಡು ಥರ ಹಿಕ್ಕೆ ಹಾಕುತ್ತದೆ. ಗಟ್ಟಿ ಉಂಡೆ ಒಂದು. ಇನ್ನೊಂದು ಮೆತ್ತಗೆ, ಗೊಂಚಲಾಗಿ ಬರುವುದು, ಅದನ್ನು ಮೊಲ ನೇರ ಬಾಯಿ ಹಾಕಿ ತಿಂದುಬಿಡುತ್ತದೆ. ಅದರಲ್ಲಿ ಬಿ ವಿಟಮಿನ್ನು, ಪ್ರೋಟೀನು ಇರುತ್ತದೆ. ಕಾಲರ್ ಹಾಕಿದರೆ ಅದನ್ನು ತಿನ್ನಲಾಗುವುದಿಲ್ಲ, ಮೈ ನೆಕ್ಕಿಕೊಳ್ಳಲಾಗುವುದಿಲ್ಲ, ಹುಲ್ಲಿಗೆ ಬಾಯಿ ಎಟುಕುವುದಿಲ್ಲ, ಗಾಬರಿ ಬೇರೆ. ನೋವು ಹತೋಟಿಯಲ್ಲಿದ್ದರೆ ಹೆಚ್ಚಿನ ಮೊಲಗಳು ಹೊಲಿಗೆಯ ತಂಟೆಗೆ ಹೋಗುವುದಿಲ್ಲ. ಹೊಲಿಗೆಯನ್ನು ಕಚ್ಚಿ ಎಳೆಯುತ್ತಲೇ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಹಾಕಿ, ತಿನ್ನುವ ಹೊತ್ತಿಗೆ ಬಿಚ್ಚಿ.

ಹೊಲಿಗೆಯನ್ನು ಬೆಳಿಗ್ಗೆ ಸಂಜೆ ಕಣ್ಣಲ್ಲಿ ನೋಡಿದರೆ ಸಾಕು: ಕೆಂಪು ಹರಡುತ್ತಿದೆಯಾ, ಊದಿದೆಯಾ, ಕೀವಿದೆಯಾ, ಬಾಯಿ ಬಿಟ್ಟಿದೆಯಾ. ಅರಿಶಿನ ಹಚ್ಚಬೇಡಿ, ಮುಲಾಮು ಹಚ್ಚಬೇಡಿ, ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಮರದ ಹೊಟ್ಟು ತೆಗೆದು ಹಳೇ ಹತ್ತಿ ಸೀರೆ ಹಾಸಿ. ಸ್ನಾನ ಬೇಡ, ಸೋಫಾ ಹತ್ತಿ ಹಾರಲು ಬಿಡಬೇಡಿ, ಈ ಕಟ್ಟುನಿಟ್ಟು ಹತ್ತರಿಂದ ಹದಿನಾಲ್ಕು ದಿನ. ನೀವು ಕೇಳಿದ "ಎಷ್ಟು ದಿನ"ಕ್ಕೆ ಉತ್ತರ ಇಷ್ಟೇ, ಮತ್ತು ಅದು ಚರ್ಮದ ಲೆಕ್ಕ. ಹೊಟ್ಟೆಯ ಲೆಕ್ಕ ಗಂಟೆಗಳದ್ದು.

ಡಾಕ್ಟರಿಗೆ ಫೋನ್ ಮಾಡಿದಾಗ "ಮೊಲ ಡಲ್ಲಾಗಿದೆ" ಅನ್ನಬೇಡಿ, ಆ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಆಪರೇಷನ್ ಎಷ್ಟು ಗಂಟೆಗಾಯಿತು, ಕೊನೆಯದಾಗಿ ತಿಂದದ್ದು ಯಾವಾಗ, ಕೊನೆಯ ಹಿಕ್ಕೆ ಯಾವಾಗ, ಹೊಟ್ಟೆ ಗಟ್ಟಿಯಿದೆಯಾ, ಕಿವಿ ಬೆಚ್ಚಗಿದೆಯಾ, ನೋವಿಗೆ ಏನು ಕೊಟ್ಟಿದ್ದಾರೆ, ಇಷ್ಟನ್ನು ಹೇಳಿ. "ನಾಳೆ ನೋಡೋಣ" ಅಂದರೆ ಒಪ್ಪಬೇಡಿ, ಬೇರೆಯವರನ್ನು ಹುಡುಕಿ. ನೀವು ಯಾವ ಊರು ಅಂತ ಬರೆದಿಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದ್ದಕ್ಕೆ ಕೇಳಿ ನೋಡಿ. ಹೊರಡುವಾಗ ಬೋನಿನಲ್ಲಿ ಒಂದು ಹಿಡಿ ಗರಿಕೆ ಇಟ್ಟುಕೊಳ್ಳಿ, ದಾರಿಯಲ್ಲಿ ಬಾಯಿ ಹಾಕಿದರೂ ಹಾಕಬಹುದು.