ಸ್ಟ್ರಟ್ ಬದಲಾವಣೆ ಮನೆಯಲ್ಲೇ ಸಾಧ್ಯವೇ?

ಪ್ರಶ್ನೆ: ತೋಟದ ಕಲ್ಲುದಾರಿಯಲ್ಲಿ ಓಡಾಡಿ ನಮ್ಮ ಕಾರಿನ ಮುಂದಿನ ಎಡ ಸ್ಟ್ರಟ್‌ನಿಂದ (ಚಕ್ರದ ಕುಲುಕಾಟ ತಡೆಯುವ, ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಎಣ್ಣೆ ಜಿನುಗುತ್ತಿದೆ. ಅದೊಂದನ್ನೇ ಮನೆಯಲ್ಲಿ ಬದಲಾಯಿಸಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಮನೆಯಲ್ಲಿ ಬದಲಾಯಿಸಬಹುದು, ಆದರೆ ಒಂದನ್ನೇ ಅಲ್ಲ, ಮುಂದಿನ ಎರಡನ್ನೂ ಒಟ್ಟಿಗೆ; ಹೊಸದೂ ಹಳೆಯದೂ ಬೆರೆತರೆ ತಿರುವುಗಳಲ್ಲಿ ಎರಡು ಬದಿಯ ಹಿಡಿತ ಒಂದೇ ತೆರನಾಗಿರದು. ಸ್ಪ್ರಿಂಗಿನ ಎದುರುಬದುರು ಬದಿಗಳಿಗೆ ಎರಡು ಕಂಪ್ರೆಸರ್ (ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ) ಕೂರಿಸಿ, ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಗೊಳಿಸುತ್ತ, ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ಅಲುಗಾಡುವವರೆಗೂ ಸ್ಟ್ರಟ್‌ನ ನೆತ್ತಿಯ ನಡುವಿನ ನಟ್ಟನ್ನು ದಯವಿಟ್ಟು ಮುಟ್ಟಬೇಡಿ. ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಅಪಾಯ. ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ಟನ್ನು ಇಡಿಯಾಗಿ ಕಳಚಿ, ಸ್ಪ್ರಿಂಗ್ ಬಿಚ್ಚುವ ಕೆಲಸವನ್ನಷ್ಟೇ ಗ್ಯಾರೇಜಿನಲ್ಲಿ ಮಾಡಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಕೊಡಗಿನ ಮಳೆಗಾಲದ ಮಣ್ಣಿನಲ್ಲಿ ಜಾಕ್ ಹೂತುಹೋಗುವುದರಿಂದ, ಕಾಫಿ ಒಣಗಿಸುವ ಸಿಮೆಂಟ್ ಕಣ ಸಮತಟ್ಟಾಗಿದ್ದರೆ ಅಲ್ಲಿ, ಕಾರಿನಡಿ ಜಾಕ್ ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಿ. ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿ.