ಮೂರನೇ ಕ್ಲಬ್ ಸೇರಿದರೂ ತಮ್ಮನನ್ನು ಆಡಿಸುತ್ತಿಲ್ಲ: ಪ್ರತಿಕ್ರಿಯೆ

ಒಂದೇ ಋತುವಿನಲ್ಲಿ ಮೂರನೇ ಫುಟ್‌ಬಾಲ್ ಕ್ಲಬ್ ಸೇರಿದ ತಮ್ಮನನ್ನು ಯಾಕೆ ಆಡಿಸುತ್ತಿಲ್ಲ, ಸಂಬಳದ ಗತಿಯೇನು ಎಂದು ಕೇಳಿದ್ದೀರಿ. ಅವನನ್ನು ಅಭ್ಯಾಸಕ್ಕೆ ಕರೆದು ಪಂದ್ಯಕ್ಕೆ ಇಳಿಸದಿರಲು ಕಾರಣ ಬಹುಶಃ ಕೋಚ್‌ನ ಮುನಿಸಲ್ಲ, ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ. ಒಂದು ಋತುವಿನಲ್ಲಿ 3 ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದು. ಅಧಿಕೃತ ಪಂದ್ಯ ಆಡಬಹುದಾದದ್ದು ಸಾಮಾನ್ಯವಾಗಿ 2 ಕ್ಲಬ್‌ಗಳ ಪರ ಮಾತ್ರ. ಊರೂರು ತಿರುಗಿ ಆಡುವ ಮಿಡ್‌ಫೀಲ್ಡರ್‌ಗೆ ಇದು ಹೊಟ್ಟೆಯ ಮೇಲೆ ಹೊಡೆದಂತೆ.

ಮೊದಲು ಹಿಂದಿನ ಎರಡೂ ಕ್ಲಬ್‌ಗಳ ಪಂದ್ಯಗಳ ದಾಖಲೆ ತೆಗೆಸಿ ನೋಡಿ. ಮುನ್ನಡೆ ಕಾಯಲು 88ನೇ ನಿಮಿಷದಲ್ಲಿ ಬದಲಿಯಾಗಿ ಇಳಿದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ನೆಹರೂ ಮೈದಾನದ ಸ್ನೇಹಪಂದ್ಯ, ಟ್ರಯಲ್ ಪಂದ್ಯ ಬರುವುದಿಲ್ಲ. ಒಂದು ಕ್ಲಬ್‌ನ ಪರ ಆಡಿಯೇ ಇಲ್ಲವೆಂದಾದರೆ, ಆ ದಾಖಲೆಯೊಂದಿಗೆ ಹೊಸ ಕ್ಲಬ್ಬಿನಿಂದಲೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ಗೆ ಪತ್ರ ಬರೆಸಿ. ಎರಡಕ್ಕೂ ಆಡಿದ್ದರೆ ಮುಂದಿನ ಋತುವೇ ಗತಿ. ಸಂಬಳದ ವಿಷಯ ಒಪ್ಪಂದ ನೋಡದೆ ಖಚಿತವಾಗಿ ಹೇಳಲಾರೆ. ಪಂದ್ಯಕ್ಕೆ ಇಷ್ಟು ಎಂದಿದೆಯೋ ತಿಂಗಳಿಗೆ ಇಷ್ಟು ಎಂದಿದೆಯೋ ಇವತ್ತೇ ಓದಿ ನೋಡಿ.